ನಡುಪಟ್ಟಿ

ಗೂಟ ಖಾಲಿಯಿತ್ತು. ಪಂಕಜಾ ಅದರ ಮುಂದೆ ನಿಂತು, ಕಣ್ಣು ತಪ್ಪಿರಬಹುದೆಂಬಂತೆ ಕೈಯಿಂದ ಒಮ್ಮೆ ಮುಟ್ಟಿ ನೋಡಿದಳು. ಪಡಸಾಲೆಯ ಗೋಡೆಯುದ್ದಕ್ಕೂ ಕಬ್ಬಿಣದ ಕೊಕ್ಕೆಗಳ ಮೇಲೆ ಅಡ್ಡಡ್ಡ ಮಲಗಿದ್ದ ನಂದಿಕೋಲು ಹಾಗೇ ಇತ್ತು. ಅದರ ಹಿತ್ತಾಳೆ ಬಿಲ್ಲೆಗಳನ್ನು ನಿನ್ನೆ ಹುಣಿಸೇಹಣ್ಣು ಹಾಕಿ ತಿಕ್ಕಿದ್ದವಳು ಅವಳೇ. ಉಗುರಿನ ಸಂದಿಯಲ್ಲಿ ಹಸಿರು ಕಿಲುಬು ಇನ್ನೂ ಉಳಿದಿತ್ತು. ತಿಕ್ಕುವಾಗ ಪಕ್ಕದ ಗೂಟದಲ್ಲಿ ನಡುಪಟ್ಟಿ ಇತ್ತೆ ಎಂದು ನೆನೆಸಿಕೊಳ್ಳಲು ನೋಡಿದಳು. ಇತ್ತು ಅನ್ನಿಸಿತು. ಇರಲಿಲ್ಲ ಅಂತಲೂ ಅನ್ನಿಸಿತು. ಈ ಒಂದು ವರ್ಷದಲ್ಲಿ ಅವಳು ಆ ಗೂಟದ ಕಡೆ ನೋಡದೆ ಓಡಾಡುವುದನ್ನು ಕಲಿತುಬಿಟ್ಟಿದ್ದಳು. ಅಗಲವಾದ ನವಾರಿನ ಪಟ್ಟಿ ಅದು. ಮುಂದುಗಡೆ, ಹೊಕ್ಕುಳಿನ ಕೆಳಗೆ ಬರುವಂತೆ, ಕೋಲಿನ ಬುಡ ಕೂರಲು ದಪ್ಪಗೆ ಹೊಲಿದ ಒಂದು ಚೀಲ. ಕೋಲು ಹೊರುವವನು ಪಟ್ಟಿಯನ್ನು ಸೊಂಟಕ್ಕೆ ಬಿಗಿದು, ಚೀಲದಲ್ಲಿ ಕೋಲನ್ನು ನಿಲ್ಲಿಸಿ, ಮನೆಯ ಮಾಡಿಗಿಂತ ಎತ್ತರದ ಅದರ ಭಾರವನ್ನೆಲ್ಲ ತನ್ನ ಹೊಟ್ಟೆಯ ಮೇಲೆ ತೆಗೆದುಕೊಂಡು ಕುಣಿಯಬೇಕು. ಮಂಡಿ ಮೊಹಲ್ಲಾದ ಈ ಬೀದಿಯಲ್ಲಿ ಕೋಲು ತಲೆಮಾರುಗಳಿಂದ ಈ ಮನೆಯದು. ಹೋದ ಶ್ರಾವಣದವರೆಗೆ ಹೊರುತ್ತಿದ್ದವನು ಅವಳ ಗಂಡ ಷಡಕ್ಷರಿ. ಈಗ ಮನೆಯಲ್ಲಿ ಗಂಡಸಿಲ್ಲ. ಷಡಕ್ಷರಿಯ ಚಿಕ್ಕಪ್ಪನ ಮಗ ಚಂದ್ರಮೌಳಿ ಇವತ್ತು ಹೊತ್ತೇರುವ ಮುಂಚೆ ಬಂದು ಕೋಲನ್ನೂ ಪಟ್ಟಿಯನ್ನೂ ತನ್ನ ಮನೆಗೆ ಒಯ್ಯುವವನಿದ್ದ.

ಅವಳು ಅತ್ತೆಯ ಕೋಣೆಯ ಬಾಗಿಲಿಗೆ ಹೋದಳು. ಮಂಜುಳಮ್ಮ ಗೋಡೆಯ ಕಡೆ ತಿರುಗಿ, ಮೊಣಕಾಲು ಮಡಿಸಿಕೊಂಡು ಮಲಗಿದ್ದರು. ಹಣೆಯ ವಿಭೂತಿ ನಿನ್ನೆಯದು. ತಲೆದಿಂಬಿನ ಪಕ್ಕ ಕಾಫಿ ಲೋಟ ಇಟ್ಟ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು.

"ಅತ್ತೆ, ನಡುಪಟ್ಟಿ ಗೂಟದಲ್ಲಿಲ್ಲ."

"ನನ್ನೇನ್ ಕೇಳ್ತೀಯ? ಮನೆ ಗುಡಿಸೋಳು ನೀನು."

"ಎಲ್ಲಾದರೂ ತೆಗೆದಿಟ್ರೇನೋ ಅಂತ."

"ಎಲ್ಲಿದ್ರೆ ನಿಂಗೇನ್ ಬುಡು. ನೆಲದ ಮೇಲಿದ್ರೂ ದಾಟ್ಕೊಂಡ್ ಓಗೋಳು ನೀನು."

ಹೇಳುವಾಗ ಅವರು ಮುಖ ತಿರುಗಿಸಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ದಿನಕ್ಕೊಮ್ಮೆ ಹೇಳಿ ಹೇಳಿ ಆ ಮಾತು ಹಾಲಿನವನಿಗೆ ನಾಳೆ ಅರ್ಧ ಲೀಟರ್ ಸಾಕು ಅನ್ನುವಷ್ಟು ಸಲೀಸಾಗಿತ್ತು. ಪಂಕಜಾ ಲೋಟ ಎತ್ತಿಕೊಂಡು ಬಂದಳು. ಕಾಫಿಯನ್ನು ಬಚ್ಚಲಿಗೆ ಸುರಿಯುತ್ತ, ಅಂಗಳದ ಚಪ್ಪಡಿಯ ಮೇಲೆ ಒಣಗಲು ಹಾಕಿದ್ದ ಪಟ್ಟಿಯನ್ನು ಬಲಗೈಯಲ್ಲಿ ಬಕೆಟ್ ಹಿಡಿದ ತಾನು ದಾಟುವುದನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಕಂಡಳು. ಮೊದಲು ಬಲಗಾಲು. ಸೀರೆಯ ಅಂಚು ಪಟ್ಟಿಯ ಚೀಲಕ್ಕೆ ತಗುಲಿ ಒದ್ದೆಯಾಗುತ್ತದೆ. ಹಾಗೆ ನಡೆದಿತ್ತೆ? ಷಡಕ್ಷರಿ ಸತ್ತ ಹದಿಮೂರನೆಯ ದಿನ, ನೆಂಟರೆಲ್ಲ ಕೂತಿದ್ದಾಗ, ಮಂಜುಳಮ್ಮ ಇದ್ದಕ್ಕಿದ್ದಂತೆ ಅವಳ ಕಡೆ ಬೆರಳು ತೋರಿ, "ಇವಳು ನಡುಪಟ್ಟಿ ದಾಟಿದ್ಲು ಕಣ್ರವ್ವ, ನಾನೇ ನೋಡ್ದೆ, ಅದಕ್ಕೇ ನನ್ ಮಗನ ನಡು ಬಿಚ್ಚೋಯ್ತು" ಅಂದಿದ್ದರು. ಗಂಗೋತ್ರಿಯಲ್ಲಿ ಸಮಾಜಶಾಸ್ತ್ರದ ಎಂ.ಎ. ಮಾಡಿದ್ದ, ಇಂಥವುಗಳನ್ನು ಕುರಿತು ಒಂದು ಪ್ರಬಂಧವನ್ನೇ ಬರೆದಿದ್ದ ಪಂಕಜಾ ಅದನ್ನು ಅಲ್ಲಗಳೆಯಲಿಲ್ಲ. ತಲೆ ತಗ್ಗಿಸಿದಳು. ತಗ್ಗಿಸಿದಾಗ ಆದದ್ದು ಅವಮಾನವಲ್ಲ, ಒಂದು ಬಗೆಯ ನೆಮ್ಮದಿ. ಅದು ಇವತ್ತಿಗೂ ಅವಳನ್ನು ಹೆದರಿಸುತ್ತಿತ್ತು. ಮಳೆಯಲ್ಲಿ ಯಾರದೋ ಜಗಲಿ ಸಿಕ್ಕ ಹಾಗೆ ಆ ಸುಳ್ಳು ಆರೋಪದೊಳಗೆ ನುಗ್ಗಿ ನಿಂತಿದ್ದಳು. ಅದರೊಳಗೆ ಇರುವಷ್ಟು ಹೊತ್ತು ಇನ್ನೊಂದನ್ನು ಯಾರೂ ಕೇಳುವುದಿಲ್ಲ. ದಿನ ಕಳೆದ ಹಾಗೆ ದಾಟಿದ್ದು ನೆನಪಾಗತೊಡಗಿತು; ಮೊದಲು ಬಕೆಟ್, ಆಮೇಲೆ ಬಲಗಾಲು, ಆಮೇಲೆ ಸೀರೆಯ ಅಂಚು.

ಇನ್ನೊಂದು ಅವಳ ಬಲಗೈಯಲ್ಲಿತ್ತು. ಶ್ರಾವಣದ ಕೊನೆಯ ಸೋಮವಾರ, ಮಧ್ಯಾಹ್ನ. ಕೋಲು ಮನೆಗೆ ಮರಳಿ, ಜನ ಊಟ ಮಾಡಿ ಹೋಗಿ, ಬೀದಿಯ ಕೊನೆಯಲ್ಲಿ ಯಾರೋ ಖುಷಿಗೆ ಇನ್ನೂ ಕರಡೆ ವಾದ್ಯ ಬಡಿಯುತ್ತಿದ್ದರು. ಷಡಕ್ಷರಿ ಕೋಣೆಯ ಬಾಗಿಲು ಹಾಕು ಅಂದ. ಕಿಟಕಿಯ ಪರದೆಯನ್ನೂ ಎಳೆಸಿದ. ಮಂಚದ ಮೇಲೆ ಮಲಗಿ, ಪಂಚೆ ಸರಿಸಿ, ಮುಖವನ್ನು ಗೋಡೆಗೆ ತಿರುಗಿಸಿದ. ತೊಡೆಸಂದಿನಲ್ಲಿ ಸಣ್ಣ ನಿಂಬೆಹಣ್ಣಿನಷ್ಟು ಗಂಟು. ಅದರ ಮೇಲೆ ನವಾರಿನ ನೇಯ್ಗೆಯ ಗುರುತು ಚೌಕ ಚೌಕವಾಗಿ ಮೂಡಿತ್ತು. ಅವಳು ಅದನ್ನು ನೋಡುತ್ತಿದ್ದುದು ಅದೇ ಮೊದಲು. ಯಾವಾಗಿನಿಂದ ಎಂದು ಕೇಳಿದ್ದಕ್ಕೆ, "ಮದುವೆಗೆ ಮುಂಚಿಂದ್ಲೂ ಇದೆ. ಬರುತ್ತೆ, ಹೋಗುತ್ತೆ. ಇವತ್ತು ಬೆಳಗ್ಗೆಯಿಂದ ಹೋಗ್ತಾ ಇಲ್ಲ" ಅಂದ. ಮೂರು ವರ್ಷ ಜೊತೆಗೆ ಮಲಗಿದ್ದವಳಿಗೆ ಗೊತ್ತಿರಲಿಲ್ಲ. ಅವನು ಯಾವಾಗಲೂ ಮೊದಲು ದೀಪ ಆರಿಸುತ್ತಿದ್ದ. ಅದನ್ನವಳು ಸಂಕೋಚ ಅಂದುಕೊಂಡು ಒಳಗೊಳಗೇ ಮೆಚ್ಚಿದ್ದಳು. ಡಾಕ್ಟರ ಹತ್ತಿರ ಹೋಗೋಣ ಅಂದರೆ ಕೇಳಲಿಲ್ಲ. ಸರಸ್ವತಿಪುರಂನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ಕೋಲು ಹೊತ್ತು ಅಂಡವಾಯು ಬರಿಸಿಕೊಂಡ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಾರೆ ಅಂದ. ಆಮೇಲೆ ಅವಳಿಗೆ ಹೇಳಿಕೊಟ್ಟ. "ಹರಳೆಣ್ಣೆ ಬೆಚ್ಚಗೆ ಮಾಡ್ಕೊಂಡು ಬಾ. ನಾನು ಮೊಣಕಾಲು ಮಡಿಸ್ತೀನಿ. ಉಸಿರು ಬಿಡೋವಾಗ ಒತ್ತು. ಬೆರಳಲ್ಲಲ್ಲ, ಅಂಗೈ ಬುಡದಲ್ಲಿ." ಅವಳು ಒತ್ತಿದಳು. ಅವನು ಹಲ್ಲು ಕಚ್ಚಿದ. ಹಣೆಯಲ್ಲಿ ಬೆವರು ಮೂಡಿತು. ಬೇಡ ಅನ್ನಲಿಲ್ಲ, ಇನ್ನೂ ಸ್ವಲ್ಪ ಅಂದ. ಆಮೇಲೆ ಅವಳ ಅಂಗೈಯ ಕೆಳಗೆ ಏನೋ ಜಾರಿತು, ನೀರಿನೊಳಗೆ ಮೀನು ಮಗ್ಗುಲು ಬದಲಿಸಿದ ಹಾಗೆ, ಗುಳಕ್ ಎಂದು. ಗಂಟು ಇರಲಿಲ್ಲ. ಅವನು ಉಸಿರು ಬಿಟ್ಟು ನಕ್ಕ. "ಕೈ ಅಂದ್ರೆ ಇದು ಕಣೇ" ಅಂದು ಅವಳ ಎಣ್ಣೆಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡ. ಮದುವೆಯಾದ ಮೇಲೆ ಅವಳು ಅವನಿಗೆ ನಿಜವಾಗಿ ಬೇಕಾದದ್ದು ಅವತ್ತೇ ಅನ್ನಿಸಿ, ಅವಳಿಗೆ ಸಂತೋಷವಾಗಿತ್ತು.

ಮಂಗಳವಾರ ಎಂದಿನಂತೆ ಕಕ್ಕಸಿಗೆ ಹೋಗಿ, ಉಪ್ಪಿಟ್ಟು ತಿಂದು, ಸ್ಕೂಟರ್ ಹತ್ತಿ ಶಾಲೆಗೆ ಹೋದ. ಬುಧವಾರ ಮಧ್ಯಾಹ್ನ ಅರ್ಧ ರಜೆ ಹಾಕಿ ಬಂದ. ಸಂಜೆಗೆ ಹೊಟ್ಟೆ ಹಲಗೆಯಾಗಿತ್ತು. ಆಸ್ಪತ್ರೆಯಲ್ಲಿ ಹುಡುಗುಮುಖದ ಒಬ್ಬ ಡಾಕ್ಟರು ಹೊಟ್ಟೆ ತಟ್ಟಿ, ಮಲವಿಸರ್ಜನೆ ಆಗಿದೆಯೆ ಎಂದು ಕೇಳಿ, ಆಗಿದೆ ಎಂದಾಗ ತಲೆ ಕೆರೆದುಕೊಂಡ. "ತೊಡೆಸಂದಿನಲ್ಲಿ ಗಂಟು ಗಿಂಟು ಏನಾದ್ರೂ ಇತ್ತಾ? ಯಾರಾದ್ರೂ ಒತ್ತಿ ಒಳಗೆ ಹಾಕಿದ್ರಾ?" ಎಂದು ಅವಳನ್ನು ನೋಡಿದ. ಪಕ್ಕದಲ್ಲಿ ಮಂಜುಳಮ್ಮ ಇದ್ದರು, ಚಂದ್ರಮೌಳಿ ಇದ್ದ, ಪರದೆಯಾಚೆ ಬೇರೆ ಯಾರದೋ ಮನೆಯವರಿದ್ದರು. ಷಡಕ್ಷರಿ ಕಣ್ಣು ಮುಚ್ಚಿಕೊಂಡೇ ಅವಳ ಕೈಯ ಬೆರಳನ್ನು ಹಿಂಡಿದ. ಹೇಳಬೇಡ ಅನ್ನುವ ಹಾಗೆ. ಅಥವಾ ಬರೀ ನೋವಿಗೆ. "ಇಲ್ಲ" ಅಂದಳು ಪಂಕಜಾ. ಗಂಟು ಕಾಣುತ್ತಿರಲಿಲ್ಲ, ಅವಳೇ ಇಲ್ಲವಾಗಿಸಿದ್ದಳು. ರಾತ್ರಿಯೆಲ್ಲ ಗ್ಯಾಸ್ಟ್ರಿಕ್ ಎಂದು ಡ್ರಿಪ್ ಹಾಕಿ ಮಲಗಿಸಿದರು. ಮಾರನೆಯ ದಿನ ಹೊಟ್ಟೆ ತೆರೆದ ದೊಡ್ಡ ಡಾಕ್ಟರು ಹೊರಗೆ ಬಂದು ಕೈಗವಸು ಕಳಚುತ್ತ ಹೇಳಿದರು: ಕರುಳಿನ ಸುತ್ತಳತೆ ಪೂರ್ತಿ ಸಿಕ್ಕಿಕೊಂಡಿದ್ದರೆ ವಾಂತಿಯಾಗುತ್ತಿತ್ತು, ಮಲ ಕಟ್ಟಿಕೊಳ್ಳುತ್ತಿತ್ತು, ಎಲ್ಲರಿಗೂ ತಿಳಿಯುತ್ತಿತ್ತು. ಇದರಲ್ಲಿ ಒಂದು ಪಕ್ಕ ಮಾತ್ರ ಸಿಕ್ಕಿಕೊಳ್ಳುತ್ತದೆ. ದಾರಿ ತೆರೆದೇ ಇರುತ್ತದೆ, ಆ ಪಕ್ಕ ಮಾತ್ರ ಕೊಳೆಯುತ್ತದೆ. ಅಪರೂಪ. ರಿಕ್ಟರ್ ಅನ್ನುತ್ತಾರೆ. ಪಂಕಜಳಿಗೆ ಲಾತೂರಿನಲ್ಲಿ ಭೂಕಂಪವಾದ ವಾರ ಪತ್ರಿಕೆಗಳಲ್ಲಿ ಓದಿದ್ದ ಹೆಸರು ಇದೇ ಅಲ್ಲವೆ ಅನ್ನಿಸಿತು. ಬೇರೆ ಏನೂ ಅನ್ನಿಸಲಿಲ್ಲ. ಶುಕ್ರವಾರ ಅವನನ್ನು ರುದ್ರಭೂಮಿಗೆ ಒಯ್ದು, ಪದ್ಧತಿಯಂತೆ ಕಾಲು ಮಡಿಸಿ ಕೂರಿಸಿದರು. ಎರಡು ದಿನ ಮಡಿಸಲು ಬಿಡದ ಆ ಹೊಟ್ಟೆ ಆಗ ಸುಮ್ಮನೆ ಬಿಟ್ಟುಕೊಟ್ಟಿತು.

ಅಲ್ಲಿಂದೀಚೆಗೆ ಬಲಗೈಯಲ್ಲಿ ಕಲಸಿ ತಿನ್ನುವುದು ಕಷ್ಟವಾಯಿತು. ಚಮಚ ಹಿಡಿದಳು. ವಿದ್ಯಾವಂತೆಯಲ್ಲವೆ, ಗಂಡ ಹೋದ ಮೇಲೆ ಚಮಚ ಬಂತು ಎಂದರು ಮಂಜುಳಮ್ಮ.

ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಅಕ್ಷತಾ ಮೆಡಿಕಲ್ ಓದುವ ಹುಡುಗಿ. ಚಳಿಗಾಲದಲ್ಲಿ ಒಂದು ದಿನ ಪಂಕಜಾ ಅವಳಿಂದ ಶಸ್ತ್ರಚಿಕಿತ್ಸೆಯ ದಪ್ಪ ಪುಸ್ತಕ ಇಸಿದುಕೊಂಡು, ಅದೊಂದೇ ಅಧ್ಯಾಯವನ್ನು ಮೆಟ್ಟಿಲ ಮೇಲೆ ಕೂತು ಓದಿದ್ದಳು. "ಅಕ್ಕ, ಇದೆಲ್ಲ ಪರೀಕ್ಷೆಗೂ ಕೇಳಲ್ಲ, ಅಷ್ಟು ಅಪರೂಪ. ನಿಮಗ್ಯಾಕೆ?" ಎಂದು ಅಕ್ಷತಾ ನಕ್ಕಿದ್ದಳು. ಕರುಳು ಜಾರುವ ಒಂದೊಂದು ಬಗೆಗೂ ಎಂದೋ ಸತ್ತ ಒಬ್ಬೊಬ್ಬ ಡಾಕ್ಟರನ ಹೆಸರು. ಒಂದರಲ್ಲಿ ಗಂಟಿನೊಳಗೆ ಅಪೆಂಡಿಕ್ಸ್ ಹೋಗಿ ಕೂತಿರುತ್ತದೆ. ಇನ್ನೊಂದರಲ್ಲಿ ಬಸಿರಿನೊಳಗೇ ಮುಚ್ಚಿಹೋಗಬೇಕಿದ್ದ, ಮುಚ್ಚದೆ ಉಳಿದ ಒಂದು ಚೀಲ. ಸೊರಗಿದ ಮುದುಕಿಯರಲ್ಲಿ ಸೊಂಟದ ಮೂಳೆಯ ತೂತಿನಲ್ಲೇ ಕರುಳು ಇಳಿಯುವುದುಂಟು. ಹೊರಗೆ ಏನೂ ಕಾಣದು, ತೊಡೆಯ ಒಳಮಗ್ಗುಲಲ್ಲಿ ಮಂಡಿಯವರೆಗೆ ಸೆಳೆತ ಅಷ್ಟೆ. ತೊಡೆಸಂದಿನ ಗೆರೆಗಿಂತ ಕೆಳಗೆ ಬರುವ ಇನ್ನೊಂದು ಹೆಂಗಸರಲ್ಲೇ ಹೆಚ್ಚು. ಹಲವು ಹೆರಿಗೆ, ಹಳೆಯ ಕೆಮ್ಮು, ಕರಗಿದ ಮೈ. ಗಂಟು ಚಿಕ್ಕದು, ದಾರಿ ಇಕ್ಕಟ್ಟು, ಬೇಗ ಸಿಕ್ಕಿಬೀಳುತ್ತದೆ. ಅವಳು ಹುಡುಕುತ್ತಿದ್ದುದು ಕಾರಣ. ಗಂಡಸರಿಗೆ ಬರುವುದಕ್ಕೆ ಹುಟ್ಟಿನಿಂದಲೇ ತೆರೆದುಳಿದ ದಾರಿ ಕಾರಣ ಎಂದಿತ್ತು. ಭಾರ, ಕೆಮ್ಮು, ತಿಣುಕುವುದು, ಇವೆಲ್ಲ ಆಮೇಲಿನವು. ಹಾಗಾದರೆ ಕೋಲಲ್ಲ, ಪಟ್ಟಿಯಲ್ಲ, ದಾಟಿದ್ದೂ ಅಲ್ಲ. ಒಂದು ಕ್ಷಣ ಹಗುರವಾಗಿ ಪುಟ ತಿರುವಿದಳು. ಅಲ್ಲಿತ್ತು. ಸಿಕ್ಕಿಕೊಂಡು ಹೊತ್ತಾದ ಗಂಟನ್ನು ಕೈಯಿಂದ ಒತ್ತಿ ಒಳಗೆ ಹಾಕಬಾರದು; ಸತ್ತ ಕರುಳು ಒಳಗೆ ಹೋಗಿ ಒಡೆಯುತ್ತದೆ. ಕಾರಣಗಳ ಪುಟದಲ್ಲಿ ಅವಳ ಕೈ ಇರಲಿಲ್ಲ. ಮುಂದಿನ ಪುಟದಲ್ಲಿತ್ತು.

ಹೊರಗೆ ಚಪ್ಪಲಿ ಬಿಡುವ ಸದ್ದು. ಚಂದ್ರಮೌಳಿ ಬೀದಿಯ ನಾಲ್ವರನ್ನು ಕರೆದುಕೊಂಡು ಬಂದಿದ್ದ. ಹಣೆ ತುಂಬ ವಿಭೂತಿ, ಹೊಸ ಪಂಚೆ. ಕೋಲಿಗೆ ಕರ್ಪೂರ ಬೆಳಗಿದ. ಎಲ್ಲರೂ ಕೈಮುಗಿದರು. ಮಂಜುಳಮ್ಮ ಹೊರಗೆ ಬರಲಿಲ್ಲ.

"ದೊಡ್ಡಮ್ಮ, ಕೋಲು ಹೊರಡ್ತಾ ಅದೆ. ಬಂದು ಕೈ ಮುಗೀರಿ."

"ಮಂಡಿ ನೋವು ಕಣೋ. ಇಲ್ಲಿಂದ್ಲೇ ಮುಗ್ದೆ, ತಗೊಂಡೋಗು" ಎಂದು ಒಳಗಿನಿಂದ ದನಿ ಬಂತು.

ಚಂದ್ರಮೌಳಿ ಗೂಟದ ಕಡೆ ನೋಡಿದ. "ಅತ್ತಿಗೆ, ಪಟ್ಟಿ?"

"ಹುಡುಕ್ತಾ ಇದೀನಿ."

"ಹುಡುಕೋಕೆ ಅದೇನ್ ಸೂಜಿಯಾ ಅತ್ತಿಗೆ? ಒಂದು ಗೇಣು ಅಗಲ ಅದೆ." ಹಿಂದೆ ನಿಂತವರಲ್ಲಿ ಒಬ್ಬ ಮೂಗಿನಲ್ಲಿ ನಕ್ಕು, ನಕ್ಕದ್ದನ್ನು ಕೆಮ್ಮಾಗಿ ಮಾಡಿದ.

"ಅವಳನ್ನೇ ಕೇಳು ಮೌಳಿ," ಮಂಜುಳಮ್ಮನ ದನಿ ಮತ್ತೆ. "ಒಲೆಗೆ ಇಟ್ಟವ್ಳೋ ಏನೋ. ಯಾರ್ ಕಂಡೋರು."

ನಾಲ್ವರೂ ಅವಳನ್ನು ನೋಡಿದರು. ಪಂಕಜಳಿಗೆ ತನ್ನ ಕೈಯಲ್ಲಿ ತೊಳೆದ ಕಾಫಿ ಲೋಟ ಇನ್ನೂ ಇರುವುದು ತಿಳಿಯಿತು. ಅದನ್ನು ಎಲ್ಲಿ ಇಡಬೇಕೋ ಗೊತ್ತಾಗಲಿಲ್ಲ. ಚಂದ್ರಮೌಳಿ ದನಿ ತಗ್ಗಿಸಿ, ಕರುಣೆಯಿಂದಲೇ, "ನಿಮ್ಮ ಸಂಕಟ ನಮಗೂ ಗೊತ್ತು ಅತ್ತಿಗೆ. ಇಟ್ಕೋಬೇಕು ಅಂತ ಆಸೆ ಇರುತ್ತೆ. ಆದ್ರೆ ಅದು ಮನೆತನದ್ದು, ಅವನೊಬ್ಬಂದಲ್ಲ. ಸಂಜೆ ಬರ್ತೀನಿ, ಅಷ್ಟರಲ್ಲಿ ಜ್ಞಾಪಿಸ್ಕೊಳಿ" ಅಂದ. ಕಳ್ಳಿಗೆ ಹೇಳುವ ಹಾಗೆ ಎಷ್ಟು ಮೆತ್ತಗೆ ಹೇಳಿದ ಅನ್ನಿಸಿತು ಅವಳಿಗೆ. ಕೋಲನ್ನು ಕೊಕ್ಕೆಗಳಿಂದ ಇಳಿಸಿ ಹೆಗಲ ಮೇಲೆ ಅಡ್ಡ ಹೊತ್ತು, ಬಾಗಿಲಲ್ಲಿ ಓರೆ ಮಾಡಿ, ನಿಧಾನ ನಿಧಾನ ಎನ್ನುತ್ತ ಹೊರಗೆ ತೆಗೆದರು. ಬಿಲ್ಲೆಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಗೋಡೆಯ ಮೇಲೆ ಕೋಲು ಇದ್ದ ಕಡೆ ಸುಣ್ಣ ಹೊಸದರಂತೆ ಬೆಳ್ಳಗೆ ಉಳಿದಿತ್ತು.

ಒಳಗೆ ವಾಂತಿಯ ಸದ್ದು.

ಅವಳು ಓಡಿದಳು. ಮಂಜುಳಮ್ಮ ಮಂಚದಿಂದ ತಲೆ ಹೊರಗೆ ಬಾಗಿಸಿದ್ದರು. ನೆಲದ ಮೇಲೆ ಹಸಿರು ನೀರು. ಬೇಡ ಬೇಡ ಅನ್ನುತ್ತಿದ್ದರೂ ಹಿಡಿದು ಕೂರಿಸಿ, ಬಾಯಿ ಒರೆಸಿ, ನೆನೆದ ಸೀರೆ ಬಿಚ್ಚತೊಡಗಿದಳು. ಅತ್ತೆ ಇಷ್ಟು ಹಗುರಾಗಿದ್ದು ಯಾವಾಗ? ಮಗ ಹೋದ ಮೇಲೆ ಒಪ್ಪೊತ್ತು, ಸೋಮವಾರ ಅದೂ ಇಲ್ಲ. ಬೆನ್ನುಮೂಳೆಯ ಒಂದೊಂದು ಮಣಿಯೂ ಕೈಗೆ ಸಿಕ್ಕುತ್ತಿತ್ತು. ಮಂಜುಳಮ್ಮ ಸೆರಗಿನ ತುದಿಯನ್ನು ಸೊಂಟದ ಹತ್ತಿರ ಗಟ್ಟಿಯಾಗಿ ಹಿಡಿದುಕೊಂಡಿದ್ದರು. "ಬುಡು, ನಾನೇ ಬದಲಾಯಿಸ್ಕೋತೀನಿ, ಬುಡು ಅಂದ್ರೆ" ಅಂದರು. ಇನ್ನೊಂದು ವಾಂತಿ ಬಂದು ಕೈ ಸಡಿಲಾಯಿತು. ನೆರಿಗೆ ಜಾರಿತು. ಲಂಗದ ಮೇಲೆ, ಹೊಟ್ಟೆ ತುಂಬ, ಇಳಿಬಿದ್ದ ಚರ್ಮ ಮಡಿಕೆಯಾಗುವಷ್ಟು ಬಿಗಿಯಾಗಿ ನಡುಪಟ್ಟಿ. ಅದನ್ನು ಓರೆಯಾಗಿ ಎಳೆದು ಕಟ್ಟಿದ್ದರು. ಕೋಲಿನ ಬುಡ ಕೂರುವ ಚೀಲವನ್ನು ಬಲತೊಡೆಯ ಸಂದಿಗೆ ಒತ್ತಿ, ಹಳೆಯ ಸೀರೆಯ ತುಂಡಿನಿಂದ ತೊಡೆಗೆ ಸೇರಿಸಿ ಸುತ್ತಿದ್ದರು.

ಇಬ್ಬರೂ ಅದನ್ನು ನೋಡಿದರು. ಬೀದಿಯ ತಿರುವಿನಲ್ಲಿ ಬಿಲ್ಲೆಗಳ ಸದ್ದು ಇನ್ನೂ ಕೇಳುತ್ತಿತ್ತು.

"ಯಾವಾಗಿಂದ ಅತ್ತೆ?"

"ಯುಗಾದಿಯಿಂದ" ಎಂದರು ಮಂಜುಳಮ್ಮ, ಕಣ್ಣು ಮುಚ್ಚಿಕೊಂಡು. "ನಿನ್ನೆವರೆಗೂ ಹಳೇ ಸೀರೆ ತುಂಡಲ್ಲೇ ಕಟ್ಕೋತಿದ್ದೆ. ನಾನೇ ಒತ್ಕೊಂಡ್ರೆ ಒಳಕ್ಕೆ ಓಗೋದು. ನಿನ್ನೆ ಸಂಜೆಯಿಂದ ಓಗ್ತಾ ಇಲ್ಲ. ಇದಾದ್ರೆ ಬಿಗಿ ಇರುತ್ತೆ ಅಂತ."

ಪಂಕಜಾ ಗಂಟು ಬಿಚ್ಚಿದಳು. ಪಟ್ಟಿಯನ್ನು ಪೂರ್ತಿ ತೆಗೆಯಲು ಅವರು ಬಿಡಲಿಲ್ಲ. ಸಡಿಲವಾಗಿ ಸೊಂಟದಲ್ಲೇ ಉಳಿಯಿತು. ತೊಡೆಸಂದಿನ ಗೆರೆಗಿಂತ ಕೆಳಗೆ, ನೆಲ್ಲಿಕಾಯಿಯಷ್ಟು. ಕೆಂಪಗೆ, ಗಟ್ಟಿಯಾಗಿ. ಸುತ್ತ ನವಾರಿನ ನೇಯ್ಗೆಯ ಗುರುತು, ಚೌಕ ಚೌಕ. ಮಂಜುಳಮ್ಮ ಅವಳ ಬಲಗೈ ಮಣಿಕಟ್ಟನ್ನು ಹಿಡಿದು ತಮ್ಮ ಕಡೆ ಎಳೆದುಕೊಂಡರು. ಆ ಸೊರಗಿದ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

"ಹರಳೆಣ್ಣೆ ಬೆಚ್ಚಗೆ ಮಾಡ್ಕೊಂಡ್ ಬಾ. ಮೊಣಕಾಲು ಮಡಿಸ್ತೀನಿ. ನಾನು ಉಸಿರು ಬುಡೋವಾಗ ಒತ್ತು. ಬೆರಳಲ್ಲಿ ಬ್ಯಾಡ. ಅಂಗೈ ಬುಡದಲ್ಲಿ."

ಮಾತಿಗೆ ಮಾತು ಅದೇ. ಪಂಕಜಾ ಅತ್ತೆಯ ಮುಖವನ್ನು ನೋಡಿದಳು. ಮುಂದಿನ ಮಾತು ಬರುವ ಮೊದಲೇ ಅವಳಿಗೆ ಎಲ್ಲ ಗೊತ್ತಾಗಿತ್ತು. ಆದರೂ ಮಂಜುಳಮ್ಮ ಹೇಳಿದರು: "ಅವನಿಗೆ ಮಾಡ್ದಂಗೇ ಮಾಡು."

"ಅವರು ಹೇಳಿದ್ರಾ ನಿಮಗೆ?"

"ಅವನ್ಯಾಕೆ ಹೇಳ್ತಾನೆ. ನಾನೇ ಕಲಿಸಿ ಕಳಿಸಿದ್ದು, ಓಗು, ಎಂಡ್ತಿ ಕೈಲಿ ಒತ್ತಿಸ್ಕೋ ಅಂತ. ಅವರಪ್ಪನಿಗೂ ಇತ್ತು. ಕೋಲು ಹೊತ್ತು ಬಂದಾಗೆಲ್ಲ ನಾನೇ ಒತ್ತಾಕ್ತಿದ್ದೆ. ನನಗೆ ನಮ್ಮತ್ತೆ ಕಲಿಸಿದ್ರು. ಎಷ್ಟು ವರ್ಷ ಒತ್ತಿದೀನಿ, ಏನೂ ಆಗ್ಲಿಲ್ಲ ಕಣಮ್ಮ. ಈ ಮನೆ ಎಂಗಸ್ರು ಮಾಡೋದೇ ಅದು." ಅವರ ತುಟಿ ಒಣಗಿತ್ತು. "ಯಾರಿಗೂ ಏನೂ ಆಗ್ಲಿಲ್ಲ. ಇವನಿಗೆ ಆಗೋಯ್ತು."

"ಹಾಗಾದ್ರೆ ನಾನು ದಾಟಿದ್ದು?"

"ನೀನೆಲ್ಲಿ ದಾಟ್ದೆ." ಮಂಜುಳಮ್ಮ ಕಣ್ಣು ತೆರೆಯಲಿಲ್ಲ. "ನಾನೂ ಏನಾರ ಒಂದು ಅನ್ಬೇಕಾಗಿತ್ತಲ್ಲವ್ವ."

ಬಕೆಟ್, ಬಲಗಾಲು, ಒದ್ದೆಯಾದ ಸೀರೆಯ ಅಂಚು. ಇವುಗಳನ್ನೆಲ್ಲ ಈಗ ಎಲ್ಲಿಡುವುದು ಎಂಬ ಯೋಚನೆ ಬಂತು ಪಂಕಜಳಿಗೆ, ಬಾಡಿಗೆ ಮನೆ ಬಿಡಿಸಿದಾಗ ಸಾಮಾನಿನ ನಡುವೆ ಬೀದಿಯಲ್ಲಿ ನಿಂತವಳ ಹಾಗೆ. ಹದಿಮೂರನೆಯ ದಿನ ಆ ಬೆರಳು ತನ್ನ ಕಡೆ ತಿರುಗಿದಾಗ ಇಬ್ಬರೂ ಒಂದೇ ಸುಳ್ಳಿನೊಳಗೆ, ಒಬ್ಬರಿಗೊಬ್ಬರು ಕಾಣದ ಹಾಗೆ, ಮೈ ಹುದುಗಿಸಿಕೊಂಡಿದ್ದರು. ಸಿಟ್ಟು ಬರಬೇಕಿತ್ತು. ಬಂತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ಒಂದೇ: ತನ್ನ ಅಂಗೈ ಆಗಲೇ ಆ ಗಂಟಿನ ಮೇಲಿದೆ. ಬಿಸಿಯಾಗಿದೆ. ಅತ್ತೆ ಮೊಣಕಾಲು ಮಡಿಸಿದ್ದಾರೆ. ಒತ್ತಿದರೆ ಹೋಗಲೂಬಹುದು. ಗುಳಕ್ ಎನ್ನಬಹುದು. ಇವರು ನಗಬಹುದು, ಮಧ್ಯಾಹ್ನ ಒಂದು ತುತ್ತು ತಿನ್ನಲೂಬಹುದು. ಮೂರು ದಿನದ ಮೇಲೆ ಆ ಸೋಮವಾರ ಮಧ್ಯಾಹ್ನದ ವಿಷಯ ಬಲ್ಲವರು ಈ ಲೋಕದಲ್ಲಿ ತನ್ನನ್ನು ಬಿಟ್ಟು ಯಾರೂ ಇರುವುದಿಲ್ಲ. ಹೇಳಿದ ಹಾಗೆ ಕೇಳಿದೆ ಅಷ್ಟೆ, ಯಾರೂ ಏನೂ ಅನ್ನುವಂತಿಲ್ಲ. ಈ ಯೋಚನೆ ಹೊರಗಿನಿಂದ ಯಾರೋ ಪಿಸುಗುಟ್ಟಿದಂತೆ ಬರಲಿಲ್ಲ. ತನ್ನದೇ ದನಿಯಲ್ಲಿ, ಸಮಾಧಾನವಾಗಿ, ಸಂತೆಗೆ ಏನೇನು ತರಬೇಕು ಎಂದು ಲೆಕ್ಕ ಹಾಕುವ ಹಾಗೆ ಬಂತು. ಅಂಗೈಯ ಕೆಳಗೆ ನಾಡಿ ಬಡಿಯುತ್ತಿತ್ತು. ಅತ್ತೆಯದೋ ತನ್ನದೋ.

"ಒತ್ತೇ" ಎಂದರು ಮಂಜುಳಮ್ಮ. ಮೊದಲ ಸಲ ಬೇಡುವ ದನಿ.

ಪಂಕಜಾ ಕೈ ತೆಗೆದಳು. "ಇಲ್ಲ ಅತ್ತೆ. ಆಸ್ಪತ್ರೆಗೆ ಹೋಗೋಣ."

"ಥೂ. ಅಲ್ಲಿ ಗಂಡಸರು ಬಿಚ್ಚಿ ನೋಡ್ತಾರೆ. ನಾನೊಲ್ಲೆ."

"ನೋಡ್ಲಿ."

"ನೋಡ್ಲಿ ಅಂತೀಯಲ್ಲೇ. ನಾಚ್ಕೆ ಇಲ್ವೇನೇ ನಿಂಗೆ?"

"ಇತ್ತು" ಅಂದಳು ಪಂಕಜಾ. ಬೇರೆ ಸೀರೆಯನ್ನು ಮೈಗೆ ಸುತ್ತಿ, ಬೀದಿಗೆ ಓಡಿ, ಬೆಲ್ಲದ ಮಂಡಿಯ ಮುಂದೆ ನಿಂತಿದ್ದ ಆಟೋ ಕರೆದಳು. ಅತ್ತೆಯನ್ನು ಎತ್ತಿ ತಂದು ಕೂರಿಸುವಾಗ ಅವರು ಪಟ್ಟಿಯನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿ ಹಿಡಿದಿದ್ದರು. ಎಷ್ಟು ಹೇಳಿದರೂ ಬಿಡಲಿಲ್ಲ.

ಎರಡನೆಯ ತಿರುವಿನಲ್ಲಿ ಆಟೋ ನಿಂತಿತು. ಇಕ್ಕಟ್ಟಿನ ಬೀದಿಗೆ ಅಡ್ಡಲಾಗಿ ನಂದಿಕೋಲು. ಮೆಣಸಿನಕಾಯಿ ಮೂಟೆ ಇಳಿಸುತ್ತಿದ್ದ ಎತ್ತಿನಗಾಡಿಯ ಪಕ್ಕ ಅದನ್ನು ತಿರುಗಿಸಲಾಗದೆ ನಾಲ್ವರೂ ಹಿಂದೆ ಮುಂದೆ ಅಲುಗಾಡುತ್ತಿದ್ದರು. ಘಾಟಿಗೆ ಒಬ್ಬ ಸೀನುತ್ತಿದ್ದ. ಆಟೋದವನು ಹಾರನ್ ಒತ್ತಿದ. "ಸ್ವಲ್ಪ ಇರಯ್ಯ, ದೇವರು ಹೋಗ್ತಾ ಅದೆ, ಕಣ್ ಕಾಣಲ್ವಾ?" ಎನ್ನುತ್ತ ಚಂದ್ರಮೌಳಿ ಬಂದು ಒಳಗೆ ಬಗ್ಗಿ ನೋಡಿದ.

"ಇದೇನು ದೊಡ್ಡಮ್ಮ? ಎಲ್ಲಿಗೆ?" ಆಮೇಲೆ, ತಡೆಯಲಾರದೆ, "ಅತ್ತಿಗೆ, ಪಟ್ಟಿ ಸಿಕ್ತಾ?"

ಪಂಕಜಾ ಬಾಯಿ ತೆರೆದಳು. ಅಷ್ಟರಲ್ಲಿ ಮಂಜುಳಮ್ಮ ಸೆರಗನ್ನು ಸ್ವಲ್ಪ ಸರಿಸಿದರು. ಚಂದ್ರಮೌಳಿ ನೋಡಿದ. ಅವನ ಮುಖದ ಮೇಲಿನ ವಿಭೂತಿ ಬೆವರಿಗೆ ಗೆರೆ ಗೆರೆಯಾಗಿತ್ತು. ಹೆಂಗಸಿನ ಸೊಂಟದಲ್ಲಿ ಅದನ್ನು ಕಂಡು ಅವನು ಕಣ್ಣು ಬೇರೆ ಕಡೆ ತಿರುಗಿಸಿದ. ಮಂಜುಳಮ್ಮ ಹೇಳಿದರು: "ನನ್ನ ಕೋಲು ಒಳಗಡೆ ಅದೆ ಕಣೋ. ದಾರಿ ಬುಡು."

ಅವನು ಹಿಂದೆ ಸರಿದು, ಕೂಗಿ, ಕೋಲಿನ ತುದಿಯನ್ನು ಒಂದು ಅಂಗಡಿಯೊಳಗೆ ನುಗ್ಗಿಸಿಯಾದರೂ ಸರಿ ಎಂದು ತಿರುಗಿಸಿದ. ಆಟೋ ಹೊರಟಿತು. ಪ್ರತಿ ಹಳ್ಳಕ್ಕೂ ಮಂಜುಳಮ್ಮ ಸೊಸೆಯ ತೋಳು ಹಿಂಡುತ್ತಿದ್ದರು. ಇದು ನೋವಿಗೋ ಬೇರೆ ಯಾವುದಕ್ಕೋ ಎಂದು ಪಂಕಜಾ ಈ ಸಲ ಯೋಚಿಸಲಿಲ್ಲ.

ಆಸ್ಪತ್ರೆ ಅದೇ. ವಾಸನೆಯೂ ಅದೇ. ಹಸಿರು ಪರದೆಯ ಹಿಂದೆ ಈ ಸಲ ಒಬ್ಬ ಹೆಂಗಸು ಡಾಕ್ಟರು. ಕೂದಲು ಅಲ್ಲಲ್ಲಿ ನೆರೆತಿತ್ತು, ಮಾತು ಚುರುಕು. ಸೀರೆ ಸರಿಸಿ, ಬೆರಳ ತುದಿಯಿಂದ ಒಮ್ಮೆ ಮುಟ್ಟಿ, ಪಟ್ಟಿಯನ್ನು ಎಳೆದು ತೆಗೆದು, "ಇದೇನಿದು?" ಎಂದು ನರ್ಸಿನ ಕಡೆ ಚಾಚಿದರು. ನರ್ಸು ಅದನ್ನು ಹಿಡಿಯಲು ಹೋದಾಗ ಜಾರಿ ನೆಲಕ್ಕೆ ಬಿತ್ತು. ಪರದೆಗೂ ಮಂಚಕ್ಕೂ ನಡುವೆ ಉದ್ದಕ್ಕೆ ಬಿದ್ದುಕೊಂಡಿತು.

"ಎಷ್ಟು ಹೊತ್ತಿಂದ ಹೀಗಿದೆ ಅಜ್ಜಿ? ಒತ್ತಿದ್ರಾ? ಯಾರಾದ್ರೂ ಒಳಗೆ ಹಾಕೋಕೆ ನೋಡಿದ್ರಾ?"

"ಇಲ್ಲ" ಅಂದರು ಮಂಜುಳಮ್ಮ.

ಥಟ್ಟನೆ, ಯೋಚಿಸದೆ ಬಂದ ಮಾತು. ಪರದೆಯ ಅಂಚಿನಲ್ಲಿ ನಿಂತಿದ್ದ ಪಂಕಜಾ ಆ ದನಿಯನ್ನು ಗುರುತಿಸಿದಳು. ಅದು ತನ್ನದೇ. ಆ ಬುಧವಾರದ ಸಂಜೆ ತನ್ನ ಬಾಯಿಂದ ಬಿದ್ದದ್ದು ಇಷ್ಟು ದಿನ ಇಲ್ಲೇ, ಈ ಪರದೆಯ ಹಿಂದೆ ಯಾರಿಗೋ ಕಾದಿತ್ತು. ಡಾಕ್ಟರು ತಲೆಯಾಡಿಸಿ ನರ್ಸಿಗೆ ಏನೋ ಹೇಳಲು ತಿರುಗಿದರು.

"ಒತ್ತಿದ್ದಾರೆ" ಅಂದಳು ಪಂಕಜಾ. ದನಿ ಅವಳಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಪಕ್ಕದ ಪರದೆಯಾಚೆ ಮಾತು ನಿಂತಿತು. "ಯುಗಾದಿಯಿಂದ ದಿನಾ ಒತ್ಕೊಂಡಿದ್ದಾರೆ. ನಿನ್ನೆ ಸಂಜೆಯಿಂದ ಸಿಕ್ಕಿಕೊಂಡಿದೆ. ಬೆಳಗ್ಗೆಯಿಂದ ವಾಂತಿ. ರಾತ್ರಿಯೆಲ್ಲ ಪಟ್ಟಿ ಬಿಗಿದಿದ್ದಾರೆ. ನಮ್ಮನೇಲಿ ಒತ್ತೋದು ರೂಢಿ."

ಡಾಕ್ಟರು ಅವಳನ್ನು ನೋಡಿದರು. "ಒಳಗೆ ಹೋಗಿಲ್ವಲ್ಲ?"

"ಹೋಗಿಲ್ಲ. ನಾನು ಒತ್ತಲಿಲ್ಲ."

"ಒಳ್ಳೇದು ಮಾಡಿದ್ರಿ ಅದನ್ನ. ಹೊತ್ತಾಗಿದೆ, ಆದ್ರೆ ಎಲ್ಲಿದೆ ಅಂತ ಗೊತ್ತಿದೆ. ಈಗ್ಲೇ ಆಪರೇಷನ್ನಿಗೆ ತಗೊಳ್ತೀವಿ." ಮಂಜುಳಮ್ಮ ಮುಖವನ್ನು ಗೋಡೆಗೆ ತಿರುಗಿಸಿದರು. ಮಗ ತಿರುಗಿಸಿದ ಹಾಗೆಯೇ. ನರ್ಸು ಮಂಚದ ಗಾಲಿಯ ತಡೆ ತೆಗೆದಳು. "ಅಜ್ಜಿ ಕಡೆಯವರು ಯಾರು? ಬಾಗಿಲವರೆಗೂ ಜೊತೆಗೆ ಬನ್ನಿ, ಕೈ ಹಿಡ್ಕೊಳಿ, ನಡುಗ್ತಾ ಇದಾರೆ."

ಪಂಕಜಾ ಹೆಜ್ಜೆ ಎತ್ತಿ ನಿಂತಳು. ಪಾದದ ಮುಂದೆ ನಡುಪಟ್ಟಿ. ಚೀಲದ ಬಾಯಿ ಮೇಲಾಗಿತ್ತು. ನವಾರಿನ ಮೇಲೆ ಷಡಕ್ಷರಿಯ ಬೆವರಿನ ಹಳದಿ ಕಲೆಗಳು, ಅದರ ಮೇಲೆ ಇವತ್ತಿನ ಒದ್ದೆ. ಮೇಲೆತ್ತಿ ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಡಬೇಕು ಎಂದು ಕೈಗೆ ಗೊತ್ತಿತ್ತು. ಗಾಲಿಗಳು ಆಗಲೇ ಉರುಳತೊಡಗಿದ್ದವು. ಮಂಜುಳಮ್ಮ ಗೋಡೆಯಿಂದ ಮುಖ ತಿರುಗಿಸಿ ನೆಲ ನೋಡಿದರು, ಪಟ್ಟಿ ನೋಡಿದರು, ಎತ್ತಿದ ಸೊಸೆಯ ಕಾಲು ನೋಡಿದರು.

"ಬಾ" ಎಂದರು.

ಅವಳು ಅದನ್ನು ದಾಟಿ ಒಳಗೆ ಹೋದಳು. ಬಲಗೈ ಚಾಚಿದಳು.